ಬೀಗರ ಕಿಸೆ ಮತ್ತು ನನ್ನ ಫ್ರೆಂಚು

ಅರವತ್ತು ದಾಟಿದ ಮೇಲೆ ಮನುಷ್ಯನಿಗೆ ಆಘಾತಗಳು ಕಡಿಮೆಯಾಗುತ್ತವೆ ಎಂದು ಎಲ್ಲೋ ಕೇಳಿದ್ದೆ. ಅಷ್ಟು ಹೊತ್ತಿಗೆ ಅವನು ನೋಡಬೇಕಾದ್ದನ್ನೆಲ್ಲ ನೋಡಿ ಮುಗಿಸಿರುತ್ತಾನಂತೆ. ಹೀಗೆ ಹೇಳಿದ ಪುಣ್ಯಾತ್ಮ ಯಾರೋ ಗೊತ್ತಿಲ್ಲ, ಆದರೆ ಅವನು ತನ್ನ ಬೀಗರ ಪಕ್ಕದಲ್ಲಿ ಬೆಂಚಿನ ಮೇಲೆ ಕೂತು ಫ್ರೆಂಚ್ ಕಲಿತಿರಲಿಕ್ಕಿಲ್ಲ. ನಾನು ಕಲಿತೆ. ಅದೂ ಪೂರ್ತಿ ಫ್ರೆಂಚ್ ಅಲ್ಲ. ಹೋಟೆಲಿನಲ್ಲಿ, ಅಂಗಡಿಯಲ್ಲಿ ದುಡ್ಡು ಕೊಡಲಿಕ್ಕೆ ಎಷ್ಟು ಬೇಕೋ ಅಷ್ಟು. ಅಷ್ಟರಲ್ಲೇ ನನಗೆ ಆದ ಧಕ್ಕೆಗಳನ್ನು ನೆನೆಸಿದರೆ, ಪೂರ್ತಿ ಕಲಿತವರು ಹೇಗೆ ಬದುಕಿ ಉಳಿದಿದ್ದಾರೋ ಎಂದು ಅಚ್ಚರಿಯಾಗುತ್ತದೆ.

ಮೊದಲು ನನ್ನ ಹುಟ್ಟಿನ ವಿಚಾರ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಿಮಗೆ ನನ್ನ ಸಂಕಟ ತಿಳಿಯುವುದಿಲ್ಲ. ನಾನು ಧಾರವಾಡದವನು. ನಮ್ಮ ಕಡೆ ಹೋಟೆಲಿಗೆ ಹೋಗುವುದೆಂದರೆ ತಿನ್ನಲಿಕ್ಕೆ ಹೋಗುವುದು ಎಂದು ಹೊರಗಿನವರು ತಿಳಿದುಕೊಂಡಿದ್ದಾರೆ. ಅಲ್ಲ. ಬಿಲ್ಲಿನ ಸಲುವಾಗಿ ಗುದ್ದಾಡಲಿಕ್ಕೆ ಹೋಗುವುದು. ತಿನ್ನುವುದು ಅದಕ್ಕೆ ಬೇಕಾದ ಶಕ್ತಿಗಾಗಿ. ನಮ್ಮ ಅಪ್ಪ ಈ ವಿದ್ಯೆಯಲ್ಲಿ ಪಳಗಿದವರು. ಇಡ್ಲಿ ಇನ್ನೂ ಅರ್ಧ ಇರುವಾಗಲೇ, “ಕೈ ತೊಳಕೊಂಡ ಬರ್ತೀನಿ” ಎಂದು ಎದ್ದು ನೆಟ್ಟಗೆ ಗಲ್ಲಾದ ಕಡೆ ನಡೆಯುತ್ತಿದ್ದರು. ಅದನ್ನು ಬಲ್ಲ ಅವರ ಗೆಳೆಯ ದತ್ತೂ ಕಾಕಾ, ಅಪ್ಪನಿಗಿಂತ ಮುಂಚೆ, ಚಪ್ಪಲಿ ಬಿಡುವ ನೆಪದಲ್ಲೇ ಗಲ್ಲಾದವನ ಕೈಗೆ ನೋಟು ತುರುಕಿ ಬಂದಿರುತ್ತಿದ್ದರು. ಆಮೇಲೆ ಇಬ್ಬರೂ ರಸ್ತೆಯಲ್ಲಿ ನಿಂತು, “ಹಿಂಗ ಮಾಡಿದ್ರ ನಿನ್ನ ಜೋಡಿ ಬರಂಗೇ ಇಲ್ಲ ನೋಡು!” “ಬರಬ್ಯಾಡಪಾ, ಆದ್ರ ರೊಕ್ಕಾ ನಾನ ಕೊಡಾಂವ!” ಎಂದು ಕೂಗಾಡುತ್ತಿದ್ದರು. ಪರ ಊರಿನವರು ಯಾರಾದರೂ ನೋಡಿದರೆ ಆಸ್ತಿ ಪಾಲಿನ ಜಗಳ ಎಂದುಕೊಳ್ಳಬೇಕು. ಮರುವಾರ ಅದೇ ಇಬ್ಬರು, ಅದೇ ಹೋಟೆಲು.

ಇಂಥ ಸಂಸ್ಕಾರ ಪಡೆದ ನಾನು ವಿಮಾ ಕಚೇರಿಯ ನೌಕರಿ ಹಿಡಿದು ಪುಣೆಗೆ ಬಂದೆ. ಬಂದ ಹೊಸದರಲ್ಲಿ ಪಕ್ಕದ ಮೇಜಿನ ಸಹೋದ್ಯೋಗಿ, ಚಹಾ ಕುಡಿಯೋಣ ಬಾ ಎಂದು ಕರೆದ. ಕುಡಿದೆವು. ನಾನು ಯುದ್ಧಕ್ಕೆ ತಯಾರಾಗಿ ತೋಳು ಏರಿಸುತ್ತಿದ್ದೆ. ಅವನು ಶಾಂತವಾಗಿ ತನ್ನ ಚಹಾದಷ್ಟು ಚಿಲ್ಲರೆ ಎಣಿಸಿಟ್ಟು, “ತುಝಂ ತೂ, ಮಾಝಂ ಮೀ” ಎಂದ. ನಿನ್ನದು ನೀನು, ನನ್ನದು ನಾನು. ಇದನ್ನು ಪುಣೆಯವರು ಎಷ್ಟು ಸಹಜವಾಗಿ ಹೇಳುತ್ತಾರೆಂದರೆ, ಅದಕ್ಕೆ ‘ಟಿಟಿಎಂಎಂ’ ಎಂಬ ಮುದ್ದಿನ ಹೆಸರೂ ಇಟ್ಟುಕೊಂಡಿದ್ದಾರೆ. ನಾನು ಖಾಲಿ ಗ್ಲಾಸು ಹಿಡಿದು ಬಹಳ ಹೊತ್ತು ಅಲ್ಲೇ ನಿಂತಿದ್ದೆ. ನನ್ನನ್ನು ಕರೆದವನೇ ನನ್ನನ್ನು ಬೀದಿಯಲ್ಲಿ ಬಿಟ್ಟು ಹೋದ ಹಾಗೆ ಅನಿಸಿತು. ಹೆಂಡತಿ ಸುಧಾಳಿಗೆ ಹೇಳಿದರೆ ಅವಳು, “ಇದರಾಗ ತಪ್ಪೇನದ? ಯಾರಿಗೂ ಯಾರದೂ ಭಾರ ಇಲ್ಲ” ಎಂದಳು. ಅವಳು ಬೆಳಗಾವಿಯವಳು. ಬೆಳಗಾವಿಯವರಿಗೆ ಎರಡೂ ಕಡೆಯ ನ್ಯಾಯ ತಿಳಿಯುತ್ತದೆ, ಅದೊಂದು ತೊಂದರೆ.

ಮುಂದೆ ದೈವ ನೋಡಿ, ನಮ್ಮ ಮಗಳು ಅನು ಮೆಚ್ಚಿದ್ದು ಅಪ್ಪಟ ಪುಣೇಕರರ ಹುಡುಗನನ್ನು. ಲೇಲೆಯವರ ಮನೆತನ. ನಮ್ಮ ಹಾಗೆಯೇ ಸದಾಶಿವ ಪೇಠದವರು, ಎರಡು ಗಲ್ಲಿ ಆಚೆ. ಹುಡುಗ ಬಂಗಾರದಂಥವನು, ಅವನ ಬಗ್ಗೆ ಮಾತಿಲ್ಲ. ಮದುವೆ ಮಾತು ಮುಗಿದ ದಿನ ಎರಡೂ ಮನೆಯವರು ಸೇರಿ ಊಟಕ್ಕೆ ಹೋದೆವು. ಬಿಲ್ಲು ಬಂತು. ಹೆಣ್ಣಿನ ತಂದೆ ಕೂತಿರುವಾಗ ಗಂಡಿನ ತಂದೆ ಅಂಗಿಯ ಕಿಸೆಗೆ ಕೈ ಹಾಕುವುದೆಂದರೇನು? “ಇರ್ರೀ ಬೀಗರ!” ಎಂದು ನಾನು ಹಾರಿ ಅವರ ಕೈ ಹಿಡಿದೆ. ಕೈ ಎಂದು ತಿಳಿದದ್ದು ಕಿಸೆಯಾಗಿತ್ತು. ಚರ್‌ ಎಂದು ಸದ್ದಾಯಿತು. ಕಿಸೆ, ಅದರೊಳಗಿನ ಪೆನ್ನು ಮತ್ತು ಕನ್ನಡಕದ ಡಬ್ಬಿ ಸಮೇತ, ನನ್ನ ಮುಷ್ಟಿಯಲ್ಲಿ ಬಂದಿತ್ತು. ಲೇಲೆಯವರು ಕಿಸೆ ಇದ್ದ ಜಾಗವನ್ನು ಒಮ್ಮೆ ನೋಡಿಕೊಂಡು ನೀರು ಕುಡಿದರು. ಬಿಲ್ಲು ನಾನೇ ಕೊಟ್ಟೆ. ಮರುದಿನ ಒಂದು ಒಳ್ಳೆಯ ಶರ್ಟ್ ಪೀಸನ್ನೂ ಕಳಿಸಿದೆ. ಈ ಪ್ರಸಂಗವನ್ನು ಧಾರವಾಡದ ನೆಂಟರಿಗೆಲ್ಲ ಫೋನು ಮಾಡಿ ಹೇಳಿದೆ. ಎಲ್ಲರೂ, “ಭಲೆ! ಅಪ್ಪನ ಹೆಸರು ಉಳಿಸಿದಿ” ಎಂದರು.

ಈಗ ಮಗಳು, ಅಳಿಯ ಇಬ್ಬರೂ ಮಗರಪಟ್ಟಾದಲ್ಲಿ ಮನೆ ಮಾಡಿಕೊಂಡಿದ್ದಾರೆ. ಅವರಿಗೆ ಇದ್ದಕ್ಕಿದ್ದಂತೆ ನಮ್ಮ ನಾಲ್ವರ ಮೇಲೆ ಪ್ರೀತಿ ಉಕ್ಕಿ, ಪ್ಯಾರಿಸ್ಸಿಗೆ ಹೋಗಿಬರಲು ಟಿಕೆಟು ತೆಗೆಸಿಬಿಟ್ಟರು. ವಿಮಾನ, ಇರುವ ಮನೆ ಎಲ್ಲ ಅವರದು. ಊಟ ತಿರುಗಾಟ ನಮ್ಮದು. ಅಲ್ಲಿ ಅಂಗಡಿಯವರು ಇಂಗ್ಲಿಷ್ ಬಂದರೂ ಬಾರದಂತೆ ಇರುತ್ತಾರೆ, ನಾಲ್ಕು ಮಾತು ಕಲಿತು ಹೋಗಿ ಎಂದು ಅನುವೇ ನಮ್ಮನ್ನು ಮೃಣಾಲ್ ಎಂಬ ಹುಡುಗಿಯ ರವಿವಾರದ ಕ್ಲಾಸಿಗೆ ಹಚ್ಚಿದಳು. ನಮ್ಮ ಪೇಠಿನಲ್ಲಿ ಕಲ್ಲು ಒಗೆದರೆ ಯಾವುದೋ ಒಂದು ಕ್ಲಾಸಿನ ಬೋರ್ಡಿಗೆ ತಾಗುತ್ತದೆ. ಇವಳದು ಹಳೆಯ ವಾಡೆಯೊಂದರ ಅಟ್ಟದ ಕೋಣೆ. ಪಾಠ ನಡೆಯುವುದು ಮರಾಠಿಯಲ್ಲಿ; ನಾನು ಇಲ್ಲಿ ಕನ್ನಡ ಮಾಡಿ ಹೇಳುತ್ತಿದ್ದೇನೆ.

ಮೊದಲ ಪಾಠದಲ್ಲೇ ಮೊದಲ ಧಕ್ಕೆ. ಅಂಗಡಿಗೆ ಕಾಲಿಟ್ಟೊಡನೆ ಗಿರಾಕಿಯೇ ‘ಬೋಂಜೂರ್’ ಎಂದು ನಮಸ್ಕಾರ ಹೇಳಬೇಕಂತೆ, ಇಲ್ಲದಿದ್ದರೆ ಅಂಗಡಿಯವನು ಮುಖ ಎತ್ತಿಯೂ ನೋಡುವುದಿಲ್ಲವಂತೆ. ಇದನ್ನು ಕೇಳಿ ಬೀಗರು, “ಮಗ ಹೇ ಆಪಲಂ ಸದಾಶಿವ ಪೇಠಚ ಆಹೇ ಕೀ!” ಎಂದು ಸಂತೋಷಪಟ್ಟರು. ಗಿರಾಕಿಗೆ ಸೊಪ್ಪು ಹಾಕದ ನಮ್ಮ ಪೇಠಿನ ಅಂಗಡಿಗಳಂತೆಯೇ ಆಯಿತಲ್ಲ ಎಂದು ಅವರ ಹೆಮ್ಮೆ. ‘ಸೆ ಕೊಂಬ್ಯಾಂ’ ಎಂದರೆ ಎಷ್ಟಾಯಿತು. ಅದನ್ನು ಬಾಯಿಪಾಠ ಮಾಡಿಕೊಂಡ ಸುಧಾ, “ಇನ್ನ ‘ಸ್ವಲ್ಪ ಕಡಿಮಿ ಮಾಡ್ರಿ’ ಅನ್ನೋದಕ್ಕ ಏನಂತಾರ ಹೇಳವಾ” ಎಂದು ಕೇಳಿದಳು. ಅಂಗಡಿಯಲ್ಲಿ ಹಾಗೆ ಕೇಳುವ ಪದ್ಧತಿಯೇ ಇಲ್ಲ ಎಂದಳು ಮೃಣಾಲ್. ಸುಧಾ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟಳು. ಹೇಳಿದಷ್ಟು ಕೊಟ್ಟು ಬರಲಿಕ್ಕೆ ಅಷ್ಟು ದೂರ ಯಾಕೆ ಹೋಗಬೇಕು ಎಂದು ದಾರಿಯುದ್ದಕ್ಕೂ ನನ್ನನ್ನೇ ಕೇಳಿದಳು, ನಾನೇ ಆ ದೇಶದ ವಾರಸುದಾರನ ಹಾಗೆ.

ಆದರೆ ನಿಜವಾದ ಸಿಡಿಲು ಬಡಿದದ್ದು ಎರಡನೆಯ ರವಿವಾರ. ಇವತ್ತು ಹೋಟೆಲಿನ ಪಾಠ, ಯಾರಿಗೆ ಯಾವ ಮಾತು ಮೊದಲು ಬೇಕು ಹೇಳಿ ಎಂದಳು ಮೃಣಾಲ್. ಬೀಗಿತ್ತಿ ವೈಶಾಲಿತಾಯಿ, ಶೌಚಾಲಯ ಎಲ್ಲಿದೆ ಎಂದು ಕೇಳುವುದು ಹೇಗೆ ಎಂದರು. ವಿವೇಕದ ಪ್ರಶ್ನೆ. ಆಮೇಲೆ ಬೀಗರು ಗಂಟಲು ಸರಿಮಾಡಿಕೊಂಡು, ನನ್ನ ಕಡೆ ನೋಡದೆ, ಕೇಳಿದರು: “ನಮಗೆ ಎರಡು ಬೇರೆ ಬೇರೆ ಬಿಲ್ಲು ಕೊಡಿ ಅನ್ನುವುದಕ್ಕೆ ಏನನ್ನಬೇಕು?”

ಅಯ್ಯೋ ಶಿವನೇ! ಬೇರೆ ಬಿಲ್ಲು! ಬೀಗರು ಬೀಗರು ಒಂದು ಮೇಜಿನ ಮುಂದೆ ಕೂತು ಬೇರೆ ಬಿಲ್ಲು! ನನ್ನ ಕಿವಿಯಲ್ಲಿ ಗುಂಯ್ ಎಂದಿತು. ನಮ್ಮ ಕಡೆ ಒಂದೇ ಮನೆಯಲ್ಲಿ ಎರಡು ಒಲೆ ಹೂಡಿದರೆ ಏನರ್ಥವೋ, ಒಂದೇ ಮೇಜಿಗೆ ಎರಡು ಬಿಲ್ಲು ಬಂದರೂ ಅದೇ ಅರ್ಥ. ಮೃಣಾಲ್ ಏನೂ ಆಗಿಲ್ಲವೆಂಬಂತೆ, “ಸೇಪಾರೇಮಾಂ, ಸಿಲ್ ವು ಪ್ಲೇ” ಎಂದು ಹೇಳಿಕೊಟ್ಟಳು. ಬೀಗರು ಅದನ್ನು ಎಷ್ಟು ಚೆಂದ ಉಚ್ಚರಿಸಿದರೆಂದರೆ ಹುಟ್ಟುವಾಗಲೇ ಅದನ್ನು ಅಂದುಕೊಂಡು ಹುಟ್ಟಿರಬೇಕು.

ನಾನೂ ಬಿಡಲಿಲ್ಲ. “ಎಲ್ಲಾ ನಾನ ಕೊಡ್ತೀನಿ ಅನ್ನೋದಕ್ಕ ಏನಂತಾರ?” ಎಂದು ಸ್ವಲ್ಪ ಜೋರಾಗಿಯೇ ಕೇಳಿದೆ. “ಸೆ ಮ್ವಾ ಕಿ ಆಂವೀತ್” ಎಂದಳು. ಅದನ್ನು ನಾನು ಮೂರು ಲೋಕಕ್ಕೆ ಕೇಳುವಂತೆ ಹೇಳಿದೆ. ಹಾಗಾದರೆ ಎದುರಿನವನು, ಬೇಡ ಬೇಡ ನಾನು ಕೊಡುತ್ತೇನೆ ಎಂದು ಹೇಗೆ ಜಗಳ ತೆಗೆಯಬೇಕು ಎಂದು ಕೇಳಿದೆ. ಮೃಣಾಲ್ ಕಣ್ಣು ಪಿಳಿಪಿಳಿ ಮಾಡಿದಳು. “ಜಗಳ ಯಾಕೆ, ಅಂಕಲ್? ಎದುರಿನವರು ‘ಮೆರ್ಸಿ, ಸೆ ತ್ರೆ ಜಾಂತಿ’ ಅಂತಾರೆ. ಥ್ಯಾಂಕ್ಸ್, ನಿಮ್ಮದು ಒಳ್ಳೆಯ ಮನಸ್ಸು ಅಂತ.” “ಆಮ್ಯಾಲೆ?” “ಆಮೇಲೆ ಕೋಟು ಹಾಕಿಕೊಂಡು ಮನೆಗೆ ಹೋಗ್ತಾರೆ.” ಅಷ್ಟೇ! ಒಂದು ಬಾರಿ ಬೇಡ ಅನ್ನುವುದಿಲ್ಲ, ಕೈ ಹಿಡಿಯುವುದಿಲ್ಲ, ಗಲ್ಲಾದವನಿಗೆ ಆಣೆ ಹಾಕುವುದಿಲ್ಲ! ಅಂಥ ದೇಶ ಎದ್ದು ನಿಂತದ್ದಾದರೂ ಹೇಗೆ? ಅವಳು ಆ ಮಾತನ್ನು ನಮ್ಮೆಲ್ಲರಿಂದ ಹೇಳಿಸಿದಳು. ಉಳಿದವರು ಹೇಳಿದರು. ನನ್ನ ಸರದಿ ಬಂದಾಗ ‘ಮೆರ್’ ತನಕ ಬಂತು, ‘ಸಿ’ ಬರಲಿಲ್ಲ. ನಾಲಿಗೆ ತಾನಾಗಿ ಹಿಂದೆ ಸರಿಯಿತು. ಯಾರೋ ಕೊಡುತ್ತೇನೆಂದರೆ ಕೂತಲ್ಲೇ ಕೂತು ಒಪ್ಪಿಕೊಳ್ಳುವ ಮಾತು ನಮ್ಮ ವಂಶದಲ್ಲಿ ಯಾರ ಬಾಯಿಂದಲೂ ಹೊರಟಿಲ್ಲ, ನನ್ನದರಿಂದ ಹೇಗೆ ಹೊರಡಬೇಕು?

ಮನೆಗೆ ಬಂದು ಊಟ ಮಾಡಲಿಲ್ಲ. ಸುಧಾ ಭಕ್ರಿ ತಟ್ಟುತ್ತ, “ಏನಾತ್ರೀ ಈಗ?” ಎಂದಳು.

“ಏನಾತು ಅಂತಿ? ಬ್ಯಾರೆ ಬಿಲ್ ಕೇಳಿದ್ರು! ಅಂದ್ರ ನಾವು ಅವ್ರಿಗೆ ಹೊರಗಿನವರು. ನಾಳೆ ಮಗಳ ಮನಿಗೆ ಹೋದ್ರ ನಾವು ಕುಡಿದ ಚಹಾದ್ದೂ ಬ್ಯಾರೆ ಬಿಲ್ ಬರ್ತದ ನೋಡು.”

“ಅವರದು ಪದ್ಧತಿ ಹಂಗದರೀ. ಕೊಟ್ಟವ ಕೋಡಂಗಿ, ಇಸಕೊಂಡವ ಈರಭದ್ರ ಅಂತಾರ. ನೀವು ಕೋಡಂಗಿ ಆಗೋದು ಬ್ಯಾಡ, ಅವರು ಈರಭದ್ರ ಆಗೋದೂ ಬ್ಯಾಡ ಅಂತ ಕೇಳ್ಯಾರ, ಮುಗೀತಲ್ಲ.”

“ಮುಗೀಲಿಲ್ಲ. ಬ್ಯಾರೆ ಬಿಲ್ ಮಾಡೋರ ಜೋಡಿ ನಾ ಪ್ಯಾರಿಸ್ಸಿಗೂ ಬರಂಗಿಲ್ಲ, ಇಲ್ಲೇ ಮಗ್ಗಲಿನ ದೇಹೂ ರೋಡಿಗೂ ಬರಂಗಿಲ್ಲ. ಟಿಕೆಟ್ ರದ್ದು ಮಾಡು ಅಂತ ಅನೂಗ ಹೇಳು.”

ಇದು ಬರೀ ಸಿಟ್ಟಲ್ಲ, ನನಗೆ ನಿಜವಾಗಿಯೂ ಮನಸ್ಸು ನೊಂದಿತ್ತು. ಹೊರಗೆ ಮರಾಠಿ, ಒಳಗೆ ಕನ್ನಡ ಎಂದು ಇಷ್ಟು ವರ್ಷ ಈ ಊರಿನಲ್ಲಿ ಕಳೆದವನು ನಾನು. ಮಗಳನ್ನು ಕೊಟ್ಟ ಮೇಲಾದರೂ ಒಂದು ಮನೆಯ ಒಳಗಿನವನಾದೆ ಎಂದುಕೊಂಡಿದ್ದೆ. ಅಷ್ಟರಲ್ಲಿ ಆ ಮನೆಯವರು ಫ್ರೆಂಚಿನಲ್ಲಿ ನಡುವೆ ಗೋಡೆ ಕಟ್ಟಿದರು. ಸುಧಾ ಒಮ್ಮೆ ನನ್ನ ಮುಖ ನೋಡಿದಳು. “ಮುಂದಿನ ರವಿವಾರ ಆ ಹುಡುಗಿ ಹೋಟೆಲಿಗೆ ಕರಕೊಂಡ ಹೋಗ್ತಾಳಲ್ಲ, ಅದೊಂದ ಆಗ್ಲಿ. ಆಮ್ಯಾಲೆ ಟಿಕೆಟಿಂದು ನೋಡೋಣು” ಎಂದಳು.

ಅದೇನೆಂದರೆ, ಮೃಣಾಲ್ ಕೋರೆಗಾಂವ್ ಪಾರ್ಕಿನ ಒಂದು ಫ್ರೆಂಚ್ ಕೆಫೆಯಲ್ಲಿ ನಮಗೆ ಪ್ರಾಯೋಗಿಕ ಪರೀಕ್ಷೆ ಇಟ್ಟಿದ್ದಳು. ಅಲ್ಲಿ ಬಡಿಸುವ ಹುಡುಗಿಯೂ ಇವಳದೇ ವಿದ್ಯಾರ್ಥಿನಿ. ನಿಯಮ ಒಂದೇ: ಬಾಗಿಲು ಹೊಕ್ಕ ಮೇಲೆ ಫ್ರೆಂಚ್ ಬಿಟ್ಟು ಬೇರೆ ಮಾತಾಡಬಾರದು. ಯಾರು ಮೊದಲು ತಪ್ಪುತ್ತಾರೋ ಅವರು ಎಲ್ಲರ ಬಿಲ್ಲು ಕೊಡಬೇಕು. ಇದನ್ನು ಕೇಳಿದ ಕ್ಷಣ ನನ್ನ ಹೊಟ್ಟೆಯೊಳಗೆ ಹಾಲು ಸುರಿದಂತಾಯಿತು. ಎಲಾ, ಇದಕ್ಕಿಂತ ಸುಲಭ ಯಾವುದು? ಬಿಲ್ಲು ಬರುವ ಹೊತ್ತಿಗೆ ಎದ್ದು ನಿಂತು ಶುದ್ಧ ಧಾರವಾಡ ಕನ್ನಡದಲ್ಲಿ ಎರಡು ಮಾತಾಡಿದರಾಯಿತು, ದಂಡದ ರೂಪದಲ್ಲಿ ಗೆಲುವು ನನ್ನದು. ಬೇರೆ ಬಿಲ್ಲಿನವರು ಬಾಯಿ ಬಿಡುವಂತಿಲ್ಲ.

ರವಿವಾರ ಕೆಫೆಯ ಮುಂದೆ ಬೀಗರನ್ನು ಕಂಡು ಮತ್ತೆ ಗಾಬರಿ. ಬೇಸಿಗೆ ಇರಲಿ ಚಳಿ ಇರಲಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ಬಿಟ್ಟು ಬೇರೇನನ್ನೂ ತೊಡದ ಮನುಷ್ಯ ಅಂದು ಹಳದಿ ಬಣ್ಣದ, ದುಂಡು ಕುತ್ತಿಗೆಯ ಟೀ ಶರ್ಟ್ ಹಾಕಿಕೊಂಡು ಬಂದಿದ್ದರು. ಹೊಟ್ಟೆಯ ಮೇಲೆ ಅದು ಬಿಗಿದು ಕೂತಿತ್ತು. ಪ್ಯಾರಿಸ್ಸಿನ ಹವಾ ಈಗಲೇ ತಲೆಗೆ ಹತ್ತಿದೆ ಎಂದುಕೊಂಡೆ.

ಒಳಗೆ ಕೂತೆವು. ನಾಲ್ವರಿಗೂ ಬರುವ ಫ್ರೆಂಚು ದುಡ್ಡು ಕೊಡುವುದರದ್ದು ಮಾತ್ರ. ಇನ್ನೂ ಏನೂ ತಿಂದಿಲ್ಲ, ಆದ್ದರಿಂದ ಮಾತಾಡಲು ವಿಷಯವಿಲ್ಲ. ಸೂತಕದ ಮನೆಯಲ್ಲಿ ಕೂತಂತೆ ಕೂತೆವು. ವೈಶಾಲಿತಾಯಿ ನಡುನಡುವೆ ‘ಬೋಂಜೂರ್’ ಎನ್ನುತ್ತಿದ್ದರು, ನಾವು ತಿರುಗಿ ‘ಬೋಂಜೂರ್’ ಎನ್ನುತ್ತಿದ್ದೆವು. ಪದರ ಪದರದ ಏನೋ ಬ್ರೆಡ್ಡು ಬಂತು. ಅದನ್ನು ಕಚ್ಚಿದ ಸುಧಾ ಕಣ್ಣರಳಿಸಿ, ಇದು ನಮ್ಮ ಖಾರಿ ಬಿಸ್ಕೀಟಿನ ಅಣ್ಣ ಎಂದು ಹೇಳಲು ಬಾಯಿ ತೆರೆದು, ನಿಯಮ ನೆನಪಾಗಿ ಮುಚ್ಚಿದಳು. ಮದುವೆಯಾದಾಗಿನಿಂದ ಅವಳು ಅಷ್ಟು ಹೊತ್ತು ಮೌನವಾಗಿದ್ದದ್ದನ್ನು ನಾನು ಕಂಡಿರಲಿಲ್ಲ. ಫ್ರೆಂಚ್ ಭಾಷೆಯ ಬಗ್ಗೆ ನನಗೆ ಸ್ವಲ್ಪ ಗೌರವ ಮೂಡಿದ್ದು ಆಗ.

ಕೊನೆಗೆ ಕಾಫಿಯೂ ಮುಗಿಯಿತು. ಮೃಣಾಲ್ ನನಗೆ ಸನ್ನೆ ಮಾಡಿದಳು. ನಾನು ಗಂಭೀರವಾಗಿ ಕೈಯೆತ್ತಿ, “ಲಾದಿಸ್ಯೋಂ, ಸಿಲ್ ವು ಪ್ಲೇ” ಎಂದು ಬಿಲ್ಲು ಕೇಳಿದೆ. ಬಿಲ್ಲು ಬಂದು ಮೇಜಿನ ನಡುವೆ ಕೂತಿತು. ಈಗ ಬೀಗರು ‘ಸೇಪಾರೇಮಾಂ’ ಅನ್ನಬೇಕು, ಅಷ್ಟರೊಳಗೆ ನಾನು ಎದ್ದು ಕನ್ನಡ ಹೂಡಬೇಕು. ಕುರ್ಚಿ ಹಿಂದೆ ಸರಿಸಿದೆ. ನನಗಿಂತ ಮೊದಲು ಇನ್ನೊಂದು ಕುರ್ಚಿ ಸದ್ದು ಮಾಡಿತು.

“ಇರ್ರೀ ಬೀಗರ!”

ಮಾತು ನನ್ನದೇ, ಆದರೆ ದನಿ ನನ್ನದಲ್ಲ. ಲೇಲೆಯವರು ಎದ್ದು ನಿಂತಿದ್ದರು. ಹಣೆಯ ಮೇಲೆ ಬೆವರು ಮೂಡಿತ್ತು. ಪಾಠ ಒಪ್ಪಿಸುವ ವಿದ್ಯಾರ್ಥಿಯಂತೆ ಗೋಡೆಯ ಕಡೆ ನೋಡುತ್ತ, ಒಂದೊಂದೇ ಶಬ್ದವನ್ನು ಎತ್ತಿ ಇಟ್ಟಂತೆ ಹೇಳಿದರು: “ನೀವು ಕೂಡ್ರಿ. ಇವತ್ತಿಂದು ನಾ ಕೊಡ್ತೀನ್ರಿ. ನಾವು... ನಾವು ಬ್ಯಾರೆ ಅಲ್ರಿ!”

ಮೃಣಾಲ್ ಚಪ್ಪಾಳೆ ತಟ್ಟಿ, “ಲೇಲೆಕಾಕಾ ಔಟ್! ದಂಡ!” ಎಂದು ಕೂಗಿದಳು. ವೈಶಾಲಿತಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದರು. ಸುಧಾ ನನ್ನ ಕಡೆ ನೋಡದೆ ಸಕ್ಕರೆಯ ಪುಡಿಕೆಯ ಜೊತೆ ಆಡುತ್ತಿದ್ದಳು, ಆಗ ತಿಳಿಯಿತು. ನಾನು ಉಪವಾಸ ಕೂತ ಸುದ್ದಿ ಅವಳಿಂದ ಅನುವಿಗೆ, ಅನುವಿನಿಂದ ಮಾವನವರಿಗೆ ಹೋಗಿತ್ತು. ವಾರವಿಡೀ ಅನು ಫೋನಿನಲ್ಲಿ ಮಾವನವರಿಗೆ ಈ ನಾಲ್ಕು ಮಾತು ಕಲಿಸಿದ್ದಳು. ಹೆಂಡತಿ, ಮಗಳು, ಬೀಗರು, ಬೀಗಿತ್ತಿ, ಎಲ್ಲರಿಗೂ ಗೊತ್ತು, ನನಗೊಬ್ಬನಿಗೆ ಗೊತ್ತಿಲ್ಲ!

ನ್ಯಾಯವಾಗಿ ನಾನು ಆಗ ಹಾರಿ ಅವರ ಕೈ ಹಿಡಿಯಬೇಕಿತ್ತು. ನಮ್ಮ ಕಡೆಯ ಮಾತಿನಲ್ಲಿ, ನಮ್ಮ ಕಡೆಯ ಯುದ್ಧಕ್ಕೆ ಕರೆದಿದ್ದಾರೆ. ತಿರುಗಿ ಗುದ್ದಾಡದಿದ್ದರೆ ಅದು ಅವಮಾನ. ಅಪ್ಪ, ದತ್ತೂ ಕಾಕಾ ಇಬ್ಬರೂ ಮೇಲಿನಿಂದ ನೋಡುತ್ತಿದ್ದಾರೆ. ಆದರೆ ಹಿಂದೆ ಸರಿಸಿದ್ದ ಕುರ್ಚಿಯನ್ನು ಮತ್ತೆ ಮುಂದಕ್ಕೆ ಎಳೆದುಕೊಂಡೆ. ಕಣ್ಣು ಮಂಜಾಗಿತ್ತು. ಬಾಯಿ ತೆರೆದರೆ, ಬರಬಾರದೆಂದು ಹಟ ಹಿಡಿದಿದ್ದ ಅದೇ ಮಾತು ಹೊರಬಿತ್ತು: “ಮೆರ್ಸಿ. ಸೆ ತ್ರೆ ಜಾಂತಿ.”

ಹೇಳಿದ್ದು ನಾನೇನಾ ಎಂದು ನಾನೇ ಹಿಂತಿರುಗಿ ನೋಡಿದೆ. ಸುಧಾಳ ಕೈಯಿಂದ ಸಕ್ಕರೆ ಚೆಲ್ಲಿತು. ಬೀಗರೂ ಒಂದು ಕ್ಷಣ ದಿಕ್ಕು ತಪ್ಪಿದರು. ನಾನು ತಿರುಗಿ ಬೀಳುತ್ತೇನೆಂದು ಅನು ಮುಂದಿನ ಮಾತುಗಳನ್ನೂ ಕಲಿಸಿ ಕಳಿಸಿದ್ದಳೇನೋ, ಅವೆಲ್ಲ ವ್ಯರ್ಥವಾದವು. ದುಡ್ಡು ಕೊಟ್ಟು ಬಂದು ಕೂತ ಮೇಲೆ ಅವರ ಮುಖದಲ್ಲಿ ಎಂಥ ಸುಖವಿತ್ತೆಂದರೆ, ಇಷ್ಟು ವರ್ಷ ಈ ಸುಖವನ್ನು ನಾನೊಬ್ಬನೇ ಗುತ್ತಿಗೆ ಹಿಡಿದು, ಉಳಿದವರಿಗೆ ಒಂದು ತುತ್ತನ್ನೂ ಬಿಡದೆ ಉಂಡಿದ್ದೇನಲ್ಲ ಎನಿಸಿತು.

ಹೊರಡುವಾಗ ಹೆಂಗಸರು ಒಂದು ರಿಕ್ಷಾ ಹಿಡಿದು ಮುಂದೆ ಹೋದರು. ಹಿಂದಿನದರಲ್ಲಿ ನಾನು, ಬೀಗರು. ದಾರಿಯಲ್ಲಿ ಅವರು ತಮ್ಮ ಕನ್ನಡ ಸರಿಯಿತ್ತೇ ಎಂದು ಕೇಳಿದರು. ಧಾರವಾಡದಲ್ಲಿ ನಿಂತು ಹೇಳಿದರೆ ಯಾರೂ ಪುಣೆಯವರೆನ್ನುವುದಿಲ್ಲ ಎಂದು ಒಂದು ಸುಳ್ಳು ಹೇಳಿದೆ. ನಮ್ಮ ಗಲ್ಲಿಯ ಬಾಯಿಗೆ ರಿಕ್ಷಾ ನಿಂತಿತು. ಹಳೆಯ ಚಟ ನೋಡಿ, ಮನಸ್ಸು ಎಷ್ಟು ಕರಗಿದ್ದರೂ ಕೈ ತನ್ನ ಪಾಡಿಗೆ ತಾನು ಅವರ ಕಡೆ ಹಾರಿತು. ಬೀಗರು ಬೆಚ್ಚಿಬಿದ್ದು ಎರಡೂ ಕೈಗಳನ್ನು ಎದೆಗೆ ಒತ್ತಿ ಹಿಡಿದುಕೊಂಡರು.

ಎಡ ಎದೆ. ಸರಿಯಾಗಿ ಕಿಸೆ ಇರುವ ಜಾಗ. ಟೀ ಶರ್ಟಿಗೆ ಕಿಸೆ ಇರಲಿಲ್ಲ, ಆದರೂ ಹಿಡಿದುಕೊಂಡರು.

ಬಿಳಿ ಅಂಗಿಯ ಮನುಷ್ಯ ಹಳದಿ ಟೀ ಶರ್ಟ್ ಯಾಕೆ ತೊಟ್ಟರು ಎಂಬುದು ಆಗ ಹೊಳೆಯಿತು. ಬೇರೆ ಬಿಲ್ಲು ಯಾಕೆ ಕೇಳಿದರು ಎಂಬುದೂ ಹೊಳೆಯಿತು. ಅವರು ನಡುವೆ ಗೋಡೆ ಕಟ್ಟಿರಲಿಲ್ಲ. ಪಾಪ, ಅಂಗಿ ಉಳಿಸಿಕೊಳ್ಳಲು ನೋಡಿದ್ದರು. ನಾನು ಊರೆಲ್ಲ ಸಾರಿದ ಪರಾಕ್ರಮ ಅವರ ಪಾಲಿಗೆ ಇಷ್ಟು ದಿನ ಬರೀ ಹೆದರಿಕೆಯಾಗಿತ್ತು. ನನಗೆ ನಾಚಿಕೆಯಾಯಿತು. ಕೈಯನ್ನು ಹಿಂದಕ್ಕೆಳೆದು ತೊಡೆಯ ಕೆಳಗೆ ಇಟ್ಟುಕೊಂಡು, “ಕೊಡ್ರಿ ಬೀಗರ, ನೀವ ಕೊಡ್ರಿ” ಎಂದೆ. ಕೊಟ್ಟರು. ಮೀಟರಿಗೆ ಸರಿಯಾಗಿ ಕೊಟ್ಟರು, ಚಿಲ್ಲರೆ ಎಣಿಸಿ ಇಸಿದುಕೊಂಡರು. ಅಷ್ಟು ಬೇಗ ಯಾರೂ ಧಾರವಾಡದವರಾಗುವುದಿಲ್ಲ.

ಟಿಕೆಟ್ ರದ್ದು ಮಾಡುವ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ನಾಳೆ ಹೊರಡುತ್ತೇವೆ. ಈಗಷ್ಟೇ ಸುಧಾ ಕಟ್ಟಿಟ್ಟ ನನ್ನ ಸೂಟ್‌ಕೇಸು ತೆರೆದು ನೋಡಿದೆ. ನನ್ನ ಅಂಗಿ ಒಂದೂ ಇಲ್ಲ. ದುಂಡು ಕುತ್ತಿಗೆಯ ಟೀ ಶರ್ಟುಗಳು, ಕೆಂಪು, ಹಸಿರು, ಒಂದು ಹಳದಿ.

“ಇದೇನ ಇದು? ನನ್ನ ಅಂಗಿ ಎಲ್ಲಿ?” ಎಂದು ಕೂಗಿದೆ.

ಅವಳು ಅಡುಗೆ ಮನೆಯಿಂದಲೇ ಹೇಳಿದಳು: “ಅಂಗಿ ಕಪಾಟಿನ್ಯಾಗ ಅದಾವು, ಅಲ್ಲೇ ಇರ್ಲಿ. ಈಗ ಬೀಗರೂ ಗುದ್ದಾಡೋದು ಕಲ್ತಾರಲ್ರೀ!”